ಮಗುವನ್ನು ಸಸ್ಪೆಂಡ್ ಮಾಡಿದ್ದಾರೆ: ಮನೆಯವರು ಏನು ಮಾಡಬೇಕು?

ಸಸ್ಪೆನ್ಷನ್ ಪತ್ರ ಹಿಡಿದು ನನ್ನ ಕೋಣೆಗೆ ಬರುವ ಅಪ್ಪ-ಅಮ್ಮಂದಿರು ಹೆಚ್ಚಾಗಿ ಕೇಳೋದು ಒಂದೇ: "ಇವನಿಗೆ ಬುದ್ಧಿ ಬರೋ ಹಾಗೆ ಮನೇಲಿ ಏನು ಮಾಡ್ಬೇಕು ಮೇಡಂ?" ಶಾಲೆಯ ಆಪ್ತಸಮಾಲೋಚಕಿಯಾಗಿ ನಾನು ಹೇಳುವುದು ಇಷ್ಟು. ಶಿಕ್ಷೆ ಕೊಡುವ ಕೆಲಸ ಶಾಲೆ ಮಾಡಿಯಾಗಿದೆ, ಅದರ ಮೇಲೆ ಮನೆಯದೂ ಒಂದು ಬೇಡ. ಮಗು ಮತ್ತೆ ಅದೇ ತರಗತಿಯಲ್ಲಿ ಹೋಗಿ ಕೂರಬೇಕಲ್ಲ, ಅದಕ್ಕೆ ತಯಾರಿ ಮಾಡಿ.

ಮೊದಲ ಸಂಜೆ ವಿಚಾರಣೆ ನಡೆಸಬೇಡಿ. "ಬೆಳಗ್ಗೆ ಎದ್ದಾಗಿನಿಂದ ಹೇಳು" ಅನ್ನಿ. ಡೆಸ್ಕ್ ಎತ್ತಿ ಒಗೆದ ಹುಡುಗನೊಬ್ಬನ ಕಥೆ ಹಾಗೆ ಕೇಳಿದ್ದಕ್ಕೇ ಹೊರಬಂತು. ಅವನ ಫೋಟೋಕ್ಕೆ ಏನೋ ಬರೆದು ಬಸ್ಸಿನಲ್ಲೇ ಯಾರೋ ಹಂಚಿದ್ದರು. ಮೂರನೇ ಪೀರಿಯಡ್ ಹೊತ್ತಿಗೆ ಇಡೀ ಕ್ಲಾಸು ಅದನ್ನು ನೋಡಿ ನಗುತ್ತಿತ್ತು. ಟೀಚರ್ ಕಣ್ಣಿಗೆ ಬಿದ್ದದ್ದು ಡೆಸ್ಕ್ ಮಾತ್ರ. ಅವನು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಅರ್ಧ ಕಥೆ ಗೊತ್ತಿಲ್ಲದೆ ಶಾಲೆಯವರ ಮುಂದೆ ಕೂತರೆ ನೀವು ಬರೀ ತಲೆಯಾಡಿಸಿ ಎದ್ದು ಬರುತ್ತೀರಿ.

ಇನ್ನೊಂದು ಮಾತು, ಇದನ್ನು ತುಂಬಾ ಜನ ಕಡೆಗಣಿಸುತ್ತಾರೆ. ಮಕ್ಕಳಲ್ಲಿ, ಹರೆಯದವರಲ್ಲಿ ಖಿನ್ನತೆ ಅಂದರೆ ಅಳುತ್ತಾ ಕೂರುವುದೇ ಆಗಬೇಕಿಲ್ಲ. ಸಿಡುಕು, ಎದುರು ಮಾತು, ಜಗಳವಾಗಿಯೂ ಅದು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಸಸ್ಪೆನ್ಷನ್‌ನಿಂದ ಮನಸ್ಸು ಕೆಟ್ಟಿತೋ, ಮೊದಲೇ ಕೆಟ್ಟಿದ್ದ ಮನಸ್ಸಿನಿಂದ ಸಸ್ಪೆನ್ಷನ್ ಬಂತೋ ನೋಡಬೇಕು. ತಿಂಗಳುಗಳಿಂದ ನಿದ್ದೆ, ಊಟ, ಮಾರ್ಕ್ಸ್ ಹದಗೆಟ್ಟಿದ್ದರೆ ವೈದ್ಯರಿಗೆ ತೋರಿಸಲು ಶಾಲೆ ಹೇಳಲಿ ಅಂತ ಕಾಯಬೇಡಿ.

ಮನೆಯಲ್ಲಿರುವ ದಿನಗಳೂ ಶಾಲೆಯ ದಿನಗಳ ಹಾಗೇ ನಡೆಯಲಿ. ಅದೇ ಹೊತ್ತಿಗೆ ಏಳುವುದು, ಸ್ನಾನ, ಪುಸ್ತಕದ ಮುಂದೆ ಕೂರುವುದು. ಪತ್ರ ಕೈಗೆ ಬಂದ ದಿನವೇ ಕ್ಲಾಸ್ ಟೀಚರಿಂದ ಪಾಠ, ಹೋಂವರ್ಕ್ ಕೇಳಿ ತನ್ನಿ. ಬಿಟ್ಟುಹೋದ ಪಾಠಗಳು ರಾಶಿಬಿದ್ದರೆ ವಾಪಸ್ ಹೋಗುವ ಭಯ ದುಪ್ಪಟ್ಟಾಗುತ್ತದೆ. ಫೋನ್ ಪೂರ್ತಿ ಕಿತ್ತುಕೊಳ್ಳುವುದಕ್ಕೆ ನನ್ನ ವಿರೋಧವಿದೆ. ಗೇಲಿ ನಡೆಯುತ್ತಿದ್ದರೆ ಕ್ಲಾಸಿನ ಗ್ರೂಪಿನಿಂದ ಹೊರಬರಲಿ, ಆದರೆ ಒಬ್ಬಿಬ್ಬರು ಗೆಳೆಯರ ಜೊತೆ ಮಾತು ಇರಲಿ. ಗುಂಪಿನಿಂದ ಹೊರಗಿಟ್ಟರೆ ಆಗುವ ನೋವು ಬರೀ ಮಾತಿನದಲ್ಲ. 2003ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟದಿಂದ ಹೊರಗುಳಿಸಿದವರ ಮಿದುಳಿನಲ್ಲಿ, ದೈಹಿಕ ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗ ಚುರುಕಾಗಿತ್ತು. ಮಗುವಿನ ಎದುರಿಗೇ ನೆಂಟರಿಗೆಲ್ಲ ಫೋನ್ ಮಾಡಿ ಗೋಳು ಹೇಳಿಕೊಳ್ಳುವುದಂತೂ ಖಂಡಿತ ಬೇಡ.

ಶಾಲೆಯವರೊಂದಿಗೆ ಮಾತಾಡುವಾಗ ಜಗಳಕ್ಕೆ ನಿಲ್ಲಬೇಡಿ, ಬರಿಗೈಲೂ ಹೋಗಬೇಡಿ. ಶಾಲೆಯಿಂದ ಹೊರಗಿಡುವ ಶಿಕ್ಷೆ ಅತ್ಯಂತ ಅಪಾಯಕಾರಿ ಸಂದರ್ಭಗಳಿಗೆ ಮಾತ್ರ ಇರಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಹೇಳಿದೆ. ಟೆಕ್ಸಸ್‌ನಲ್ಲಿ ಸುಮಾರು 10 ಲಕ್ಷ ವಿದ್ಯಾರ್ಥಿಗಳ ದಾಖಲೆ ನೋಡಿದ 2011ರ ವರದಿಯಲ್ಲಿ, ಇಂಥ ಶಿಕ್ಷೆ ಪಡೆದವರು ಮುಂದಿನ ತರಗತಿಗೆ ಹೋಗದೆ ಅದೇ ತರಗತಿಯಲ್ಲಿ ಉಳಿಯುವ, ಶಾಲೆ ಬಿಡುವ ಸಾಧ್ಯತೆ ಹೆಚ್ಚೆಂದು ಕಂಡಿತ್ತು. ಇವನ್ನು ಹೇಳಿ, "ಹಾಗಾದರೆ ವಾಪಸ್ ಬರುವ ದಿನಕ್ಕೆ ಏನು ಏರ್ಪಾಡು?" ಅಂತ ಕೇಳಿ.

ಆ ಏರ್ಪಾಡು ಹಿಂದಿನ ದಿನವೇ ಆಗಬೇಕು. ಎಲ್ಲಿ ಕೂರುವುದು, ಕೆಣಕಿದರೆ ಯಾರ ಹತ್ತಿರ ಹೋಗುವುದು, ಆ ಟೀಚರಿಗೆ ಅದು ಗೊತ್ತಿದೆಯಾ. ಯಾರಿಗಾದರೂ ಪೆಟ್ಟಾಗಿದ್ದರೆ ಕ್ಷಮೆ ಕೇಳಲೇಬೇಕು, ಆದರೆ ದೊಡ್ಡವರೊಬ್ಬರ ಜೊತೆಯಲ್ಲಿ, ಎದುರಿನ ಮಗು ಒಪ್ಪಿದ ಮೇಲೆ. ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಹೇಳಿಸುವುದು ಎರಡನೇ ಶಿಕ್ಷೆ. "ಎಲ್ಲಿ ಹೋಗಿದ್ದೆ?" ಅಂತ ಸಹಪಾಠಿಗಳು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಮನೆಯಲ್ಲೇ ಬಾಯಿಬಿಟ್ಟು ಹೇಳಿಸಿ: "ಅದು ಮುಗೀತು. ನಿನ್ನೆಯ ನೋಟ್ಸ್ ಕೊಡ್ತೀಯಾ?" ಮೊದಲ ಸಲ ನಗು ಬರುತ್ತದೆ, ಬರಲಿ.

"ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ" ಎಂಬಂಥ ಮಾತು ಬಂದರೆ ಸಿಟ್ಟಿನ ಮಾತು ಅಂತ ತಳ್ಳಿಹಾಕಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮಾತ್ರೆ, ವಿಷ, ಚೂಪಾದ ವಸ್ತುಗಳನ್ನು ಕೈಗೆ ಸಿಗದಂತೆ ತೆಗೆದಿಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಶಾಲೆಯಿಂದಲೇ ತೆಗೆದುಹಾಕಿದ್ದರೆ ಲೆಕ್ಕ ಬೇರೆ. ವಾಪಸ್ ಹೋಗುವ ದಿನವೇ ಇಲ್ಲ. ಗೆಳೆಯರನ್ನು, ಇಷ್ಟದ ಟೀಚರನ್ನು ಒಮ್ಮೆ ಭೇಟಿಯಾಗಿ ಹೇಳಿ ಬರಲು ಅವಕಾಶ ಮಾಡಿಕೊಡಿ. ಹೊಸ ಶಾಲೆ ಹುಡುಕುವುದನ್ನು "ಮುಂದಿನ ವರ್ಷ ನೋಡೋಣ" ಅಂತ ತಳ್ಳಬೇಡಿ. ಹೊಸ ಶಾಲೆಯಲ್ಲಿ, ಹಿಂದೆ ನಡೆದದ್ದನ್ನು ಮುಚ್ಚಿಡುವುದಕ್ಕಿಂತ, ಒಬ್ಬರೇ ಒಬ್ಬರಿಗೆ, ಆಪ್ತಸಮಾಲೋಚಕರಿಗೋ ಕ್ಲಾಸ್ ಟೀಚರಿಗೋ, ಮಗುವಿಗೆ ಮೊದಲೇ ತಿಳಿಸಿ, ನೀವೇ ಹೇಳಿಬಿಡಿ.