ಫ್ರಿಜ್ ಮೇಲಿನ ಕ್ಯಾಲೆಂಡರ್ ಮತ್ತು ಫಾರ್ಮ್ 8332

2023ರ ಮಾರ್ಚ್‌ನಲ್ಲಿ ನಾನು ಇ-ಫೈಲ್ ಮಾಡಿದ ಟ್ಯಾಕ್ಸ್ ರಿಟರ್ನ್ ಅವತ್ತೇ ವಾಪಸ್ ಬಂತು. ಮಗನ ಸೋಷಿಯಲ್ ಸೆಕ್ಯುರಿಟಿ ನಂಬರ್ ಆಗಲೇ ಇನ್ನೊಂದು ರಿಟರ್ನ್‌ನಲ್ಲಿ ಇದೆಯಂತೆ. ಯಾರ ರಿಟರ್ನ್ ಅಂತ ಐಆರ್‌ಎಸ್, ಅಂದರೆ ಅಮೆರಿಕದ ತೆರಿಗೆ ಇಲಾಖೆ, ಹೇಳಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಡಿವೋರ್ಸ್ ಆಗಿದ್ದು 2021ರಲ್ಲಿ. ಮಗ ಒಂದು ವಾರ ನನ್ನ ಹತ್ತಿರ, ಒಂದು ವಾರ ಅವರಪ್ಪನ ಹತ್ತಿರ. ಮಗನನ್ನು ರಿಟರ್ನ್‌ನಲ್ಲಿ ತೋರಿಸಿ ಕ್ಲೇಮ್ ಮಾಡೋ ಹಕ್ಕು ಸಮ ಸಂಖ್ಯೆಯ ವರ್ಷ ನನಗೆ, ಬೆಸ ವರ್ಷ ಅವರಿಗೆ ಅಂತ ಕೋರ್ಟ್ ಆರ್ಡರ್‌ನಲ್ಲಿತ್ತು. 2023ರಲ್ಲಿ ಹಾಕಿದ್ದು 2022ರ ಆದಾಯದ ರಿಟರ್ನ್, ಅಂದರೆ ನನ್ನ ವರ್ಷ. ಅವರು ರಿಟರ್ನ್ ಹಾಕುವ ವರ್ಷವನ್ನು ಲೆಕ್ಕ ಹಿಡಿದಿದ್ದರು. 2023ರಲ್ಲಿ ಹಾಕ್ತಿದ್ದೀನಿ, ಬೆಸ ತಾನೇ? ಸಿಟ್ಟು ಬಂತು, ಆದರೂ ಯಾರಿಗಾದರೂ ಆಗಬಹುದಾದ ತಪ್ಪು ಅದು.

ಆಗ ಇದ್ದದ್ದು ಒಂದೇ ದಾರಿ, ಪ್ರಿಂಟ್ ತೆಗೆದು ಪೋಸ್ಟ್ ಮಾಡೋದು. (ಈಗ ಐಆರ್‌ಎಸ್ ಕೊಡುವ ಐಪಿ ಪಿನ್ ಅನ್ನೋ ಗುರುತಿನ ಸಂಖ್ಯೆ ಹಾಕಿದರೆ ಇಂಥ ರಿಟರ್ನ್ ಇ-ಫೈಲ್‌ನಲ್ಲೇ ಹೋಗುತ್ತದೆ.) ಎಷ್ಟೋ ತಿಂಗಳ ಮೇಲೆ ಇಬ್ಬರಿಗೂ ಸಿಪಿ87ಎ ಅನ್ನೋ ಪತ್ರ ಬಂತು. ಕ್ಲೇಮ್ ಸರಿಯಿದ್ದವರು ಸುಮ್ನೆ ಇರಿ, ತಪ್ಪಿದ್ದವರು ತಿದ್ದಿ ಹಾಕಿ ಅಂತ. ಅವರು ತಿದ್ದಿ ಹಾಕಿದರು.

ಆಮೇಲೆ ಗೊತ್ತಾಗಿದ್ದೇ ಮುಖ್ಯ. 2008ರ ನಂತರದ ಡಿವೋರ್ಸ್ ಆದರೆ ಕೋರ್ಟ್ ಆರ್ಡರ್‌ನ ಪುಟ ಲಗತ್ತಿಸಿದರೂ ಐಆರ್‌ಎಸ್ ಒಪ್ಪಲ್ಲ. ಅವರು ನೋಡೋದು ಮಗು ಯಾರ ಮನೇಲಿ ಜಾಸ್ತಿ ರಾತ್ರಿ ಇತ್ತು ಅಂತ. ಸರಿಸಮ ಬಂದರೆ ಆದಾಯ ಹೆಚ್ಚಿರುವವರ ಕಡೆಗೆ. ವಾರಕ್ಕೊಂದು ಮನೆ ಅಂದರೂ 365 ರಾತ್ರಿ ಸರಿಯಾಗಿ ಎರಡು ಪಾಲಾಗಲ್ಲ, ಅಲ್ವಾ?

ಹಾಗಾಗಿ 2023ರ ಜನವರಿಯಿಂದಲೇ ಲೆಕ್ಕ ಹಿಡಿದು ರಾತ್ರಿಗಳನ್ನು ಎಣಿಸೋಕೆ ಶುರು ಮಾಡಿದೆ. ಅಮ್ಮ ಮೈಸೂರಿನಿಂದ ತಂದುಕೊಟ್ಟ ಕ್ಯಾಲೆಂಡರ್ ಫ್ರಿಜ್ ಮೇಲಿದೆ. ಅಮ್ಮ, ಅಪ್ಪ ಎರಡೂ 'ಅ'ದಿಂದಲೇ ಶುರುವಾಗೋದರಿಂದ 'ಮ' ಮತ್ತು 'ಪ' ಅಂತ ಬರೆಯುತ್ತೇನೆ. ಸಂಕಷ್ಟಿಯ ಚೌಕದಲ್ಲಿ ಜಾಗ ಸಾಲಲ್ಲ, ಮೂಲೆಯಲ್ಲಿ ತುರುಕುತ್ತೇನೆ. ಬೇಸಿಗೆ ರಜೆಯಲ್ಲಿ ಮಗ ಅಜ್ಜಿ ಮನೆಯಲ್ಲಿದ್ದ ರಾತ್ರಿಗಳು ಆ ವಾರ ಯಾರದೋ ಅವರ ಲೆಕ್ಕಕ್ಕೆ. ಡಿಸೆಂಬರ್ 31ರ ರಾತ್ರಿ ಹಳೇ ವರ್ಷಕ್ಕೆ. ಅವರಿಗೆ ಆಫೀಸಿನ ಓಡಾಟ ಜಾಸ್ತಿ, ಆಗೆಲ್ಲ ಮಗ ನನ್ನ ಹತ್ತಿರವೇ. 2023ರಲ್ಲಿ 'ಮ' 191, 'ಪ' 174 ಬಂತು.

ಅಂದರೆ ಅದು ಅವರ ವರ್ಷವಾದರೂ ಐಆರ್‌ಎಸ್ ಕಣ್ಣಿಗೆ ಮಗ ನನ್ನ ಮನೆಯವನು. ಮಗನ ಕ್ಲೇಮ್ ಬಿಟ್ಟುಕೊಡುವ ಫಾರ್ಮ್ 8332ಕ್ಕೆ ನಾನು ಸಹಿ ಹಾಕಿ ಕೊಟ್ಟರೆ ಮಾತ್ರ ಅವರು ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ನ (ಮಗುವಿನ ಹೆಸರಲ್ಲಿ ಸಿಗುವ ತೆರಿಗೆ ಕಡಿತದ) 2,000 ಡಾಲರ್ ತಗೋಬಹುದಿತ್ತು. ಕೊಟ್ಟೆ. ಮುಂದಿನ ಬೆಸ ವರ್ಷಗಳಿಗೂ ಸೇರಿಸಿ ಎರಡನೇ ಭಾಗಕ್ಕೂ ಸಹಿ ಹಾಕಿಬಿಡು ಅಂದರು. ಹಾಕಲಿಲ್ಲ. ಅದನ್ನು ಹಿಂತೆಗೆದುಕೊಂಡರೂ ಜಾರಿಗೆ ಬರೋದು ಮುಂದಿನ ವರ್ಷದಿಂದ. ಮೊದಲನೇ ಭಾಗ, ಒಂದು ವರ್ಷಕ್ಕೆ ಒಂದು ಸಹಿ. ಅಷ್ಟೇ.

ಆ ಸಹಿ ಹಾಕಿದರೆ ಎಲ್ಲವೂ ಕೈಬಿಟ್ಟು ಹೋಯ್ತು ಅಂದುಕೊಂಡಿದ್ದೆ. ಹಾಗಲ್ಲ! ಹೆಡ್ ಆಫ್ ಹೌಸ್‌ಹೋಲ್ಡ್ ಅನ್ನೋ, ಸಿಂಗಲ್‌ಗಿಂತ ತೆರಿಗೆ ಕಡಿಮೆ ಬೀಳುವ ವರ್ಗ ನನಗೇ ಉಳಿಯಿತು, ಮನೆ ಖರ್ಚಿನ ಅರ್ಧಕ್ಕಿಂತ ಜಾಸ್ತಿ ನಾನೇ ಹಾಕಿದ್ದೆನಲ್ಲ. ಶಾಲೆ ಬಿಟ್ಟ ಮೇಲಿನ ಡೇಕೇರ್ ಖರ್ಚಿನ ಕ್ರೆಡಿಟ್ ಕೂಡ ನನ್ನದೇ. ಮಗನಿಗಿನ್ನೂ 13 ತುಂಬಿಲ್ಲ. 2023ರಲ್ಲಿ ಒಂದು ಮಗುವಿಗೆ 3,000 ಡಾಲರ್‌ವರೆಗಿನ ಖರ್ಚು ಲೆಕ್ಕಕ್ಕಿತ್ತು, ನನ್ನ ಸಂಬಳಕ್ಕೆ ಅದರ 20%, ಅಂದರೆ 600 ಸಿಕ್ಕಿತು. ಇವೆರಡನ್ನೂ ಫಾರ್ಮ್ 8332ರಿಂದ ಬಿಟ್ಟುಕೊಡೋಕೆ ಬರುವುದೇ ಇಲ್ಲ. ಇದು ಗೊತ್ತಿಲ್ಲದೆ 2021ರ ರಿಟರ್ನ್‌ನಲ್ಲಿ ನಾನು ಸಿಂಗಲ್ ಅಂತ ಹಾಕಿದ್ದೆ.

2025 ಮತ್ತೆ ಅವರ ವರ್ಷ, ಆ ವರ್ಷಕ್ಕೆ ಕ್ರೆಡಿಟ್ 2,200. ಜನವರಿಯಲ್ಲೇ ಸಹಿ ಹಾಕಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಫಾರ್ಮನ್ನು ಮಗನ ಸ್ಕೂಲ್ ಬ್ಯಾಗಿನಲ್ಲಿ ಕಳಿಸಿದೆ. ಭಾನುವಾರ ಸಂಜೆ ಹೋದ. ಕ್ಯಾಲೆಂಡರ್‌ನಲ್ಲಿ 'ಪ' ಬರೆದೆ.