ಹೊಸ ಪವರ್ ಸ್ಟೀರಿಂಗ್ ಪಂಪ್ ಹಾಕಿದರೂ ಗುಂಯ್ ಸದ್ದು: ಹೋಗಿದ್ದು ಹೀಗೆ

ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಹಗುರಾಗುವ) ಸ್ಟೀರಿಂಗಿನ ಹಳೆಯ ಕಾರು. ತಿರುಗಿಸಿದರೆ ಗುಂಯ್ ಸದ್ದು, ಪಾರ್ಕ್ ಮಾಡುವಾಗ ಸ್ಟೀರಿಂಗ್ ಬಿಗಿ, ಆಯಿಲ್ ಡಬ್ಬಿಯಲ್ಲಿ ನೊರೆ. ಆಯಿಲ್ ತುಂಬಿಸಿದೆ, ಬೆಲ್ಟ್ ಬದಲಿಸಿದೆ, ಆಗಲಿಲ್ಲ. ಸೋರಿಕೆ ನಿಲ್ಲಿಸಲೆಂದು ಆಯಿಲಿಗೆ ಬೆರೆಸುವ ಬಾಟಲಿ ದ್ರವ ಶುದ್ಧ ದಂಡ. ಪಂಪಿನ ಶಾಫ್ಟ್ (ತಿರುಗುವ ದಂಡ) ಸೀಲಿನಲ್ಲೇ ಜಿನುಗುತ್ತಿದ್ದುದರಿಂದ ಪಂಪನ್ನೇ ಬದಲಿಸಿದೆ.

ಪುಲ್ಲಿ ಪುಲ್ಲರ್ (ಬೆಲ್ಟ್ ಓಡುವ ಚಕ್ರವನ್ನು ಪಂಪಿನಿಂದ ಎಳೆದು ತೆಗೆಯುವ ಟೂಲ್), ಎತ್ತಿದ ಕಾರನ್ನು ಹೊರುವ ಜಾಕ್ ಸ್ಟ್ಯಾಂಡ್ ಗ್ಯಾರೇಜಿನಿಂದ ಎರವಲು. ಬಿಗಿಯಾಗಿ ಕೂರುವ ಪುಲ್ಲಿಯನ್ನು ಸುತ್ತಿಗೆಯಿಂದ ಬಡಿಯಬೇಡಿ, ಬೇರಿಂಗ್ ಹೋಗುತ್ತೆ. ಕೂರಿಸುವ ಟೂಲನ್ನೂ ಕೇಳಿ ತನ್ನಿ. ಪಂಪಿನಿಂದ ಹೊರಡುವ ಪ್ರೆಷರ್ ಪೈಪಿಗೆ ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಹಾಕಿ.

ಹೊಸ ಪಂಪೂ ಕೂಗಿತು. ಕಾರಣ ಒಳಗಿನ ಗಾಳಿ. ಇಂಜಿನ್ ಓಡಿಸುತ್ತಲೇ ಗಾಳಿ ತೆಗೆಯಹೋದರೆ ಪಂಪ್ ಅದನ್ನು ಮಜ್ಜಿಗೆಯಂತೆ ಕಡೆಯುತ್ತೆ, ಅಷ್ಟೇ. ಕೆಲಸ ಮಾಡಿದ ಕ್ರಮ ಇದು: ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲಿಡಿ. ಇಂಜಿನ್ ಆಫ್; ಸ್ಟೀರಿಂಗ್ ಲಾಕ್ ಬಿಡುವಷ್ಟು ಮಾತ್ರ ಕೀ ತಿರುಗಿಸಿ. ಕೈಪಿಡಿಯಲ್ಲಿ ಹೇಳಿದ ಆಯಿಲನ್ನೇ 'ಕೋಲ್ಡ್' ಗೆರೆವರೆಗೆ ತುಂಬಿ, ಮುಚ್ಚಳ ತೆರೆದೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ 20 ಸಲ ತಿರುಗಿಸಿ. ಮಟ್ಟ ಇಳಿದಂತೆ ಆಯಿಲ್ ಸೇರಿಸುತ್ತಿರಿ. ಗುಳ್ಳೆ ನಿಂತ ಮೇಲೆ 15 ನಿಮಿಷ ಬಿಡಿ. ಆಮೇಲೆ ಇಂಜಿನ್ ಚಾಲೂ ಮಾಡಿ ಐಡಲ್‌ನಲ್ಲೇ ಅದೇ ರೀತಿ ತಿರುಗಿಸಿ. ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ.

ಮತ್ತೆ ನೊರೆ ಬಂದರೆ ಡಬ್ಬಿಯಿಂದ ಪಂಪಿಗೆ ಬರುವ ಹೋಸಿನ ಕ್ಲಿಪ್ ನೋಡಿ. ಅಲ್ಲಿ ಆಯಿಲ್ ಹೊರಗೆ ಸೋರದೆಯೇ ಗಾಳಿ ಒಳಗೆ ಎಳೆದುಕೊಳ್ಳಬಹುದು.