ಗಂಡ ಬಿಟ್ಟವಳಿಗೆ ನೆರವಿಲ್ಲ ಎಂದವರಿಗೆ: ನನ್ನ ಅನುಭವ

ನಾನು ವಿಧವೆಯಲ್ಲ, ವಿಚ್ಛೇದಿತೆಯೂ ಅಲ್ಲ; ಗಂಡ ಬಿಟ್ಟುಹೋದ ಅಂಗವಿಕಲ ಹೆಂಗಸು. ಆದ್ದರಿಂದ ಅಂಗವಿಕಲ ವೇತನ ಬಿಟ್ಟರೆ ಬೇರೇನೂ ಸಿಗುವುದಿಲ್ಲವೆಂದು ಸಂಘದ ಹೆಂಗಸರಿಂದ ಹಿಡಿದು ಆನ್‌ಲೈನ್ ಸೆಂಟರಿನ ಹುಡುಗನವರೆಗೆ ಎಲ್ಲರೂ ತೀರ್ಪು ಕೊಟ್ಟಿದ್ದರು. ಈಗ ನನಗೂ ಮಗಳಿಗೂ ಸೇರಿ ತಿಂಗಳಿಗೆ 6,800 ರೂಪಾಯಿಯ ಲೆಕ್ಕದಲ್ಲಿ ಹಣ ಬರುತ್ತಿದೆ. ಯು.ಡಿ.ಐ.ಡಿ. ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ನಾಡಕಚೇರಿಯ ಅರ್ಜಿ ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳಾದ್ದರಿಂದ ನಾನು ಯಾವುದನ್ನು ಯಾವುದಕ್ಕಿಂತ ಮೊದಲು ಮಾಡಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಪೋಲಿಯೊದಿಂದಾಗಿ ನನ್ನ ಎಡಗಾಲಿಗೆ ಬಲವಿಲ್ಲ. ಕಾರ್ಡಿನಲ್ಲಿ ಅಂಗವೈಕಲ್ಯ ಶೇ 55 ಎಂದಿದೆ. ಹೊಲಿಗೆಯಿಂದ ತಿಂಗಳಿಗೆ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಇಷ್ಟಿದ್ದರೂ ನನ್ನ ಮೊದಲ ವೇತನದ ಅರ್ಜಿ ತಿರಸ್ಕೃತವಾಯಿತು, ಏಕೆಂದರೆ ನಾನು ತವರಿನಲ್ಲಿ ಇರುವುದನ್ನು ನೋಡಿ ಅಪ್ಪನ ಎರಡು ಎಕರೆಯ ಆದಾಯವನ್ನೂ ಸೇರಿಸಿ ನನ್ನ ಆದಾಯ ಪ್ರಮಾಣಪತ್ರದಲ್ಲಿ ನಲವತ್ತೈದು ಸಾವಿರವೆಂದು ಬರೆಯಲಾಗಿತ್ತು. ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುವುದರಿಂದ ಅದರ ಮೇಲಿನ ಆ ಒಂದು ಅಂಕಿ ಮುಂದಿನ ಎಲ್ಲ ಅರ್ಜಿಗಳಿಗೂ ಅಡ್ಡ ಬರುವುದಿತ್ತು. ಮಧ್ಯವರ್ತಿಯೊಬ್ಬರು ಐದು ಸಾವಿರ ಕೊಟ್ಟರೆ ಅಂಕಿ ಇಳಿಸಿಕೊಡುತ್ತೇನೆಂದರು. ಅಷ್ಟು ಹಣವಿದ್ದಿದ್ದರೆ ನಾನು ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಹಾಗಾಗಿ ಎಲ್ಲ ಅರ್ಜಿಗಳನ್ನೂ ಪಕ್ಕಕ್ಕಿಟ್ಟು ನನ್ನದೇ ಪಡಿತರ ಚೀಟಿಗೆ ಬೆನ್ನು ಬಿದ್ದೆ. ನನ್ನ ಮತ್ತು ಮಗಳ ಹೆಸರು ಇನ್ನೂ ಗಂಡನ ಮನೆಯ ಚೀಟಿಯಲ್ಲಿದ್ದವು, ಅತ್ತೆ ತೆಗೆಸಲು ಒಪ್ಪಲಿಲ್ಲ. ಕೊನೆಗೆ ಹೆಸರು ತೆಗೆಸಿದ್ದು ಹೇಗೆಂಬುದನ್ನು ಇಲ್ಲಿ ಬರೆಯುವುದಿಲ್ಲ; ಕಾನೂನಿನೊಳಗೇ ನಡೆದ ಕೆಲಸವದು, ಆದರೆ ಎಲ್ಲರಿಗೂ ತಿಳಿದರೆ ಮುಂದಿನವರಿಗೆ ಆ ದಾರಿ ಮುಚ್ಚಿಹೋದೀತು. ನನ್ನ ಹೆಸರಿನಲ್ಲಿ ಬೇರೆ ಗ್ಯಾಸ್ ಸಂಪರ್ಕ ಇದ್ದುದು ಮಾತ್ರ ಸ್ಥಳ ಪರಿಶೀಲನೆಯಲ್ಲಿ ಬಹಳ ಉಪಯೋಗಕ್ಕೆ ಬಂತು. ನಾನೂ ಮಗಳೂ ಬೇರೆ ಕುಟುಂಬವೆಂದು ದಾಖಲೆಯಾದ ಮೇಲೆ ಹೊಸ ಆದಾಯ ಪ್ರಮಾಣಪತ್ರದಲ್ಲಿ ನನ್ನ ದುಡಿಮೆಯಷ್ಟೇ ಬಂತು. ಆ ಚೀಟಿಯ ಯಜಮಾನಿ ನಾನೇ ಆದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿಗೂ ಅರ್ಹಳಾದೆ, ಆಮೇಲೆ 800 ರೂಪಾಯಿಯ ವೇತನವೂ ಮಂಜೂರಾಯಿತು. ಗೃಹಲಕ್ಷ್ಮಿಯ ಮೊದಲ ಕಂತುಗಳು ನಾನು ಮರೆತೇಬಿಟ್ಟಿದ್ದ ಹಳೆಯ ಖಾತೆಗೆ ಹೋಗಿದ್ದವು. ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆಯೆಂದು ಬ್ಯಾಂಕಿನಲ್ಲಿ ವಿಚಾರಿಸಿದಾಗಲೇ ಅದು ಗೊತ್ತಾದದ್ದು.

ಯಾರೂ ನಂಬದಿದ್ದ ಭಾಗವೆಂದರೆ ಮಗಳ ಹೆಸರಿನ ಪ್ರಾಯೋಜಕತ್ವ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000. ಇದು ಅನಾಥ ಮಕ್ಕಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಆದರೆ ವಿಧವೆ, ವಿಚ್ಛೇದಿತೆಯರ ಜೊತೆಗೆ ಕುಟುಂಬದಿಂದ ತೊರೆಯಲ್ಪಟ್ಟ ತಾಯಿಯ ಮಗುವೂ ಇದರಲ್ಲಿ ಸೇರಿದೆ. ಗಂಡ ತೊರೆದಿದ್ದಾನೆಂಬುದಕ್ಕೆ ಪುರಾವೆ ಎಲ್ಲಿದೆ ಎಂದು ಕಚೇರಿಯಲ್ಲಿ ಕೇಳಿದರು; ಗಂಡ ಬಿಟ್ಟು ಹೋಗುವಾಗ ಯಾರಿಗೂ ಪ್ರಮಾಣಪತ್ರ ಕೊಟ್ಟು ಹೋಗುವುದಿಲ್ಲವಷ್ಟೆ. ನಾನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಮಹಿಳೆಯರಿಗೂ ಅಂಗವಿಕಲರಿಗೂ ಅಲ್ಲಿ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಜೀವನಾಂಶಕ್ಕೆ ಅರ್ಜಿ ಹಾಕಿಸಿದೆ. ಜೀವನಾಂಶದ ಆದೇಶ ಇನ್ನೂ ಆಗಿಲ್ಲ, ಆದರೆ ಆ ಪ್ರಕರಣದ ಪ್ರತಿ ಮತ್ತು ಊರಿನವರ ಸಹಿಯಿದ್ದ ಮಹಜರನ್ನು ಒಟ್ಟಿಗೆ ಕೊಟ್ಟಾಗ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು ವರದಿ ಬರೆದುಕೊಂಡರು. ಮಂಜೂರಾತಿಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಹಣ ತಿಂಗಳು ತಿಂಗಳು ಬರುವುದಿಲ್ಲ, ಕೆಲವು ತಿಂಗಳದ್ದು ಒಟ್ಟಿಗೆ ಬರುತ್ತದೆ. ಮಗಳು ಶಾಲೆ ತಪ್ಪಿಸಿದರೆ ನಿಂತೂ ಹೋಗಬಹುದು.

ಇಷ್ಟಕ್ಕೆಲ್ಲ ನನ್ನ ಕೈಯಿಂದ ಮೂರು ನಾಲ್ಕು ಸಾವಿರ ಖರ್ಚಾಗಿರಬೇಕು, ಅದರಲ್ಲಿ ಹೆಚ್ಚಿನ ಪಾಲು ಬಸ್ ನಿಲ್ದಾಣದಿಂದ ಕಚೇರಿಗೆ ಕೊಟ್ಟ ಆಟೊ ಬಾಡಿಗೆ. ಶಕ್ತಿ ಯೋಜನೆ ಇಲ್ಲದಿದ್ದರೆ ಖರ್ಚು ಇದರ ಎರಡರಷ್ಟಾಗುತ್ತಿತ್ತು.

ನಡುವೆ ಬೇರೆ ಪ್ರಯತ್ನಗಳನ್ನೂ ಮಾಡಿದೆ. ಉದ್ಯೋಗ ಖಾತ್ರಿಯಲ್ಲಿ ಅಂಗವಿಕಲರು ಅರ್ಧ ಕೆಲಸ ಮಾಡಿದರೂ ಪೂರ್ತಿ ಕೂಲಿ ಸಿಗುತ್ತದೆಂದು ಹೋದೆ, ಆದರೆ ಬದುವಿನ ಕೆಲಸದಲ್ಲಿ ಅರ್ಧವೂ ನನ್ನ ಕಾಲಿಗೆ ಹೆಚ್ಚಾಯಿತು. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಮೀಸಲಾದ ಶೇ 5ರ ಅನುದಾನದಲ್ಲಿ ಹೊಲಿಗೆ ಯಂತ್ರ ಕೊಡಲು ಬಂದಾಗ ಯಂತ್ರ ಬೇಡ, ಮೋಟರು ಕೊಡಿ ಎಂದು ಪುನರ್ವಸತಿ ಕಾರ್ಯಕರ್ತರ ಮೂಲಕ ಬರೆಸಿದೆ. ಕಾಲಲ್ಲಿ ತುಳಿಯುವ ಯಂತ್ರವನ್ನು ಪೋಲಿಯೊ ಆದವಳಿಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವವರಿಗೆ ಏನೆನ್ನಬೇಕೋ ತಿಳಿಯದು. ಮೋಟರಿನ ಪೆಡಲನ್ನು ಬಲಗಾಲಿನ ಕಡೆಗೆ ಸರಿಸಿ, ಕೆಳಗೆ ಹಲಗೆ ಹೊಡೆದು ಎತ್ತರಿಸಿದ ಮೇಲೆ ದಿನಕ್ಕೆ ಎರಡು ರವಿಕೆ ಹೆಚ್ಚು ಹೊಲಿಯಲು ಸಾಧ್ಯವಾಯಿತು.

ಈಗ ಮಹಿಳೆಯರ ಸ್ವಉದ್ಯೋಗಕ್ಕೆಂದು ಇರುವ ಉದ್ಯೋಗಿನಿ ಸಾಲಕ್ಕೆ ಕಾಗದಪತ್ರ ಸೇರಿಸುತ್ತಿದ್ದೇನೆ. ಅಂಗವಿಕಲ ಮಹಿಳೆಯರಿಗೆ ಅದರಲ್ಲಿ ಆದಾಯದ ಮಿತಿ ಇಲ್ಲವಾದ್ದರಿಂದ ರವಿಕೆಯ ಗಳಿಕೆ ಹೆಚ್ಚಿದರೂ ಅಲ್ಲಿ ತೊಂದರೆಯಾಗದು. ಆದರೆ ಆ ಗಳಿಕೆ 32,000 ದಾಟಿದರೆ 800 ರೂಪಾಯಿಯ ವೇತನವನ್ನು ಬಿಡಬೇಕಾದೀತು, ಆ ಲೆಕ್ಕವನ್ನು ಸಾಲ ಮಂಜೂರಾಗುವ ಮೊದಲೇ ಹಾಕಿಟ್ಟುಕೊಂಡಿದ್ದೇನೆ.